ಮೆದುಳಿಗೊಂದು ವಿಮೆ

ಬೆಂಗಳೂರಿನ ಪೂರ್ವಭಾಗದಲ್ಲಿ, ಇಂದಿರಾನಗರ ಮತ್ತು ತಿಪ್ಪಸಂದ್ರಗಳ ನೆರೆಯಲ್ಲಿ, ಜೀವನ್ ಬಿಮಾ ನಗರವೆಂಬ ಬಡಾವಣೆಯಿದೆ. ೧೯೫೬ರಲ್ಲಿ ಸ್ಥಾಪಿತವಾದ ಭಾರತೀಯ ಜೀವ ವಿಮಾ ನಿಗಮದ ವಸತಿಗೃಹಗಳಿಂದ ಆ ಪ್ರದೇಶಕ್ಕೆ ಈ ಹೆಸರು ಬಂದಿತು. ವಿಮೆಯೆಂದರೇನೆಂಬುದು ಎಲ್ಲರಿಗೂ ತಿಳಿದ ವಿಷಯವೇ. ಆಪತ್ತು ಬಾರದಂತೆ ತಡೆಯುವ ಶಕ್ತಿ ವಿಮೆಗಿಲ್ಲ. ಬಂದ ಆಪತ್ತಿನಿಂದಾಗುವ ನಷ್ಟವನ್ನು ತಗ್ಗಿಸುವುದಷ್ಟೇ ಅದರ ಕೆಲಸ. ಅದಕ್ಕೂ ಒಂದು ನಿಯಮವುಂಟು. ಕಂತು ಸಕಾಲದಲ್ಲಿ ಸಲ್ಲಬೇಕು. ಅವಧಿ ಮೀರಿದ ಮೇಲೆ ಎಷ್ಟು ಹಣ ತೆತ್ತರೂ ಹಳೆಯ ರಕ್ಷಣೆ ತಾನಾಗಿ ಮರಳುವುದಿಲ್ಲ.

ಮನುಷ್ಯನ ಮೆದುಳಿಗೂ ಪ್ರಕೃತಿಯು ಇಂತಹ ಒಂದು ವಿಮೆಯನ್ನು ಏರ್ಪಡಿಸಿರಬಹುದೇ? ಪಾರ್ಶ್ವವಾಯು ಬಡಿದಾಗ ಮೆದುಳಿನ ಕೋಶಗಳನ್ನು ಸಾವಿನಿಂದ ಪಾರುಮಾಡುವ ವಸ್ತುವೊಂದು ದೇಹದಲ್ಲಿಯೇ ಹುಟ್ಟುವುದುಂಟೇ? ಕಳೆದ ಮೂರು ದಶಕಗಳಿಂದ ವಿಜ್ಞಾನಿಗಳು ಈ ಪ್ರಶ್ನೆಯ ಬೆನ್ನು ಹತ್ತಿದ್ದಾರೆ. ಅವರ ಗಮನವನ್ನು ಸೆಳೆದ ವಸ್ತುಗಳಲ್ಲಿ ಈಸ್ಟ್ರೊಜೆನ್ ಎಂಬ ಹಾರ್ಮೋನು ಮುಖ್ಯವಾದುದು. ಅದರ ಕಥೆ ಭರವಸೆಯ ಕಥೆ. ಅಷ್ಟೇ ಮಟ್ಟಿಗೆ ಎಚ್ಚರಿಕೆಯ ಕಥೆಯೂ ಹೌದು.

ಮಾನವನ ಮೆದುಳು ಸುಮಾರು ಒಂದೂಕಾಲು ಕಿಲೋಗ್ರಾಂನಿಂದ ಒಂದೂವರೆ ಕಿಲೋಗ್ರಾಂ ತೂಗುತ್ತದೆ. ದೇಹದ ತೂಕದಲ್ಲಿ ಇದು ನೂರಕ್ಕೆ ಎರಡು ಪಾಲು ಮಾತ್ರ. ಆದರೆ ದೇಹವು ಬಳಸುವ ಆಮ್ಲಜನಕದಲ್ಲಿ ಸುಮಾರು ಐದನೆಯ ಒಂದು ಪಾಲು ಈ ಪುಟ್ಟ ಅಂಗಕ್ಕೇ ಬೇಕು. ಇದರೊಳಗೆ ಸುಮಾರು ೮,೬೦೦ ಕೋಟಿ ನರಕೋಶಗಳಿವೆ. ಇಷ್ಟು ದೊಡ್ಡ ಸಂಸಾರಕ್ಕೆ ಕಣಜವೆಂಬುದಿಲ್ಲ. ಸ್ನಾಯುಗಳೂ ಯಕೃತ್ತೂ ಸಕ್ಕರೆಯನ್ನು ಬೇರೊಂದು ರೂಪದಲ್ಲಿ ಕೂಡಿಟ್ಟುಕೊಳ್ಳಬಲ್ಲವು. ಮೆದುಳಿಗಾದರೋ ಅಂತಹ ಕೂಡಿಟ್ಟ ಬುತ್ತಿ ಇಲ್ಲವೆಂದೇ ಹೇಳಬೇಕು. ರಕ್ತವು ಕ್ಷಣಕ್ಷಣವೂ ಹೊತ್ತು ತರುವ ಆಮ್ಲಜನಕ ಹಾಗೂ ಗ್ಲೂಕೋಸುಗಳೇ ಅದರ ಜೀವನಾಧಾರ.

ಈ ರಕ್ತದ ಹರಿವು ಮೆದುಳಿನ ಯಾವುದಾದರೊಂದು ಭಾಗದಲ್ಲಿ ಕಡಿದುಹೋದರೆ ಉಂಟಾಗುವ ವಿಪತ್ತೇ ಪಾರ್ಶ್ವವಾಯು. ಜನರ ಆಡುಮಾತಿನಲ್ಲಿ ಇದಕ್ಕೆ ಲಕ್ವವೆಂದು ಹೆಸರು. ಇದು ಎರಡು ಬಗೆಯಾಗಿ ಬರುತ್ತದೆ. ಅಪಧಮನಿಯೊಳಗೆ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚಿಹೋಗುವುದು ಮೊದಲನೆಯ ಬಗೆ. ರಕ್ತನಾಳವೇ ಒಡೆದು ರಕ್ತ ಸೋರುವುದು ಎರಡನೆಯ ಬಗೆ. ಮೊದಲನೆಯದೇ ಹೆಚ್ಚು ಸಾಮಾನ್ಯವಾದುದು. ಮೆದುಳಿನ ಎಡಭಾಗ ದೇಹದ ಬಲಭಾಗವನ್ನೂ, ಬಲಭಾಗ ದೇಹದ ಎಡಭಾಗವನ್ನೂ ಆಳುವುದರಿಂದ, ಮೆದುಳಿನ ಒಂದು ಕಡೆ ಪೆಟ್ಟಾದರೆ ದೇಹದ ಇನ್ನೊಂದು ಕಡೆಯ ಕೈಕಾಲುಗಳು ಸೋಲುತ್ತವೆ. ಒಂದು ಪಾರ್ಶ್ವವನ್ನೇ ಹಿಡಿಯುವುದರಿಂದ ಪಾರ್ಶ್ವವಾಯು ಎಂಬ ಹೆಸರು ಅನ್ವರ್ಥವಾಗಿದೆ.

ನಾಲೆಯ ನೀರಿನಿಂದ ಬೆಳೆಯುವ ಗದ್ದೆಬಯಲನ್ನು ಕಂಡವರಿಗೆ ಮುಂದಿನ ಸಂಗತಿ ಸುಲಭವಾಗಿ ಅರ್ಥವಾಗುತ್ತದೆ. ಒಂದು ತೂಬು ಮುಚ್ಚಿಹೋದರೆ ಅದನ್ನೇ ನಂಬಿದ ಗದ್ದೆ ಬೇಗನೆ ಒಣಗುತ್ತದೆ. ಸುತ್ತಲಿನ ಗದ್ದೆಗಳು ಅಕ್ಕಪಕ್ಕದ ಕಾಲುವೆಗಳಿಂದ ಜಿನುಗುವ ತೇವದಲ್ಲಿ ಬಾಡುತ್ತ, ಬದುಕುತ್ತ, ಕೆಲವು ಕಾಲ ಉಳಿದಿರುತ್ತವೆ. ಅಷ್ಟರಲ್ಲಿ ತೂಬು ತೆರೆದರೆ ಅವು ಚೇತರಿಸಿಕೊಳ್ಳುತ್ತವೆ. ತಡವಾದರೆ ಅವೂ ಒಣಗುತ್ತವೆ. ಮೆದುಳಿನಲ್ಲಿಯೂ ಹೀಗೆಯೇ. ರಕ್ತ ಸಂಪೂರ್ಣವಾಗಿ ನಿಂತ ನಡುಭಾಗ ಕೆಲವೇ ನಿಮಿಷಗಳಲ್ಲಿ ಸಾಯುತ್ತದೆ. ಅದರ ಸುತ್ತಲಿನ ಭಾಗ ಕೆಲಸ ನಿಲ್ಲಿಸಿದ್ದರೂ ಸತ್ತಿರುವುದಿಲ್ಲ. ೧೯೭೦ರ ದಶಕದ ಕೊನೆಯಲ್ಲಿ ಆಸ್ಟ್ರಪ್ ಮೊದಲಾದ ವಿಜ್ಞಾನಿಗಳು ಗ್ರಹಣಕಾಲದ ಅರೆನೆರಳಿನ ಹೆಸರನ್ನೇ ಈ ಭಾಗಕ್ಕಿಟ್ಟರು. ಪಾರ್ಶ್ವವಾಯುವಿನ ಚಿಕಿತ್ಸೆಯೆಂದರೆ ಬಹುಮಟ್ಟಿಗೆ ಈ ಅರೆನೆರಳಿನ ಪ್ರದೇಶವನ್ನು ಉಳಿಸಿಕೊಳ್ಳುವ ಹೋರಾಟವೇ ಆಗಿದೆ.

ಈ ಹೋರಾಟದಲ್ಲಿ ಕಾಲದ ಬೆಲೆ ಎಷ್ಟೆಂಬುದನ್ನು ಅಮೆರಿಕದ ವೈದ್ಯ ಜೆಫ್ರಿ ಸೇವರ್ ೨೦೦೬ರಲ್ಲಿ ಲೆಕ್ಕ ಹಾಕಿ ತೋರಿಸಿದರು. ದೊಡ್ಡ ಅಪಧಮನಿಯೊಂದು ಮುಚ್ಚಿಕೊಂಡು ಚಿಕಿತ್ಸೆ ದೊರೆಯದೆ ಹೋದರೆ, ಸರಾಸರಿ ಪ್ರತಿ ನಿಮಿಷಕ್ಕೆ ೧೯ ಲಕ್ಷ ನರಕೋಶಗಳು ನಾಶವಾಗುತ್ತವೆ. ಅಂದರೆ ಒಂದು ಗಂಟೆಯಲ್ಲಿ ೧೧ ಕೋಟಿಗೂ ಮೀರಿದ ಕೋಶಗಳು ಅಳಿಯುತ್ತವೆ. ಚರ್ಮದ ಗಾಯ ಮಾಯುವಂತೆ ಈ ನಷ್ಟ ಮಾಯುವುದಿಲ್ಲ. ಸತ್ತ ನರಕೋಶದ ಸ್ಥಾನದಲ್ಲಿ ಸಾಮಾನ್ಯವಾಗಿ ಹೊಸ ಕೋಶ ಹುಟ್ಟಿ ಬರುವುದಿಲ್ಲ.

ರಕ್ತ ನಿಂತೊಡನೆ ಕೋಶದೊಳಗೆ ಏನು ನಡೆಯುತ್ತದೆ? ಮೊದಲು ಕೋಶದ ಶಕ್ತಿ ಬರಿದಾಗುತ್ತದೆ. ಕೋಶದ ಪೊರೆಯಲ್ಲಿ ಲವಣಗಳನ್ನು ಒಳಹೊರಗೆ ಸಾಗಿಸುವ ವ್ಯವಸ್ಥೆಗಳು ನಿಂತುಹೋಗುತ್ತವೆ. ನರಕೋಶಗಳು ಪರಸ್ಪರ ಸಂದೇಶ ಕಳುಹಿಸಲು ಮಿತವಾಗಿ ಬಳಸುವ ಗ್ಲುಟಮೇಟ್ ಎಂಬ ವಸ್ತು ಮಿತಿಮೀರಿ ಹೊರಚೆಲ್ಲುತ್ತದೆ. ಅದರ ಪ್ರಚೋದನೆಯಿಂದ ಕ್ಯಾಲ್ಸಿಯಂ ಕೋಶಗಳೊಳಕ್ಕೆ ನುಗ್ಗುತ್ತದೆ. ಆಗ ಕೋಶದ ಸ್ವಂತ ಕಿಣ್ವಗಳೇ ಅದನ್ನು ಒಳಗಿನಿಂದ ಕರಗಿಸಲಾರಂಭಿಸುತ್ತವೆ. ಇದರ ಹಿಂದೆಯೇ ಉರಿಯೂತವು ಬಂದು ಉಳಿದುದನ್ನೂ ಕೆಡಿಸುತ್ತದೆ. ಹೀಗೆ ಹೊರಗಿನ ಶತ್ರುವಿಗಿಂತಲೂ ಮನೆಯೊಳಗಿನ ಕಲಹವೇ ಹೆಚ್ಚಿನ ಹಾನಿಯನ್ನುಂಟುಮಾಡುತ್ತದೆ.

ಈ ವಿನಾಶವನ್ನು ತಡೆಯುವ ಮಾರ್ಗಗಳು ಎರಡು. ಮುಚ್ಚಿದ ದಾರಿಯನ್ನು ತೆರೆಯುವುದು ಒಂದು. ಹೆಪ್ಪನ್ನು ಕರಗಿಸುವ ಔಷಧವನ್ನು ಮೂರು ಗಂಟೆಗಳೊಳಗೆ ಕೊಟ್ಟರೆ ಪ್ರಯೋಜನವಿದೆಯೆಂದು ೧೯೯೫ರಲ್ಲಿ ಅಮೆರಿಕದ ಪ್ರಯೋಗವೊಂದು ಸಿದ್ಧಪಡಿಸಿತು. ೨೦೦೮ರಲ್ಲಿ ಯೂರೋಪಿನ ಪ್ರಯೋಗವೊಂದು ಈ ಅವಧಿಯನ್ನು ನಾಲ್ಕೂವರೆ ಗಂಟೆಗೆ ವಿಸ್ತರಿಸಿತು. ತೆಳುವಾದ ಕೊಳವೆಯನ್ನು ರಕ್ತನಾಳದೊಳಗೆ ಕಳುಹಿಸಿ ಹೆಪ್ಪನ್ನೇ ಎಳೆದು ತೆಗೆಯುವ ವಿಧಾನದ ಪ್ರಯೋಜನ ೨೦೧೫ರಲ್ಲಿ ಪ್ರಕಟವಾದ ಹಲವು ಪ್ರಯೋಗಗಳಿಂದ ದೃಢಪಟ್ಟಿತು. ಎರಡನೆಯ ಮಾರ್ಗವೆಂದರೆ, ದಾರಿ ತೆರೆಯುವವರೆಗೂ ನರಕೋಶಗಳು ತಾಳಿಕೊಂಡಿರುವಂತೆ ಅವುಗಳಿಗೆ ಬಲ ನೀಡುವುದು. ಈಸ್ಟ್ರೊಜೆನ್ನಿನ ಪ್ರಸ್ತಾಪ ಬರುವುದು ಇಲ್ಲಿಯೇ.

ವೈದ್ಯರು ಬಹುಕಾಲದಿಂದ ಒಂದು ಸಂಗತಿಯನ್ನು ಗಮನಿಸುತ್ತ ಬಂದಿದ್ದರು. ನಡುವಯಸ್ಸಿನವರೆಗೆ ಪಾರ್ಶ್ವವಾಯು ಪುರುಷರಿಗಿಂತ ಸ್ತ್ರೀಯರಲ್ಲಿ ಕಡಿಮೆ. ಮುಟ್ಟು ನಿಂತ ನಂತರದ ವರ್ಷಗಳಲ್ಲಿ ಈ ಅನುಕೂಲ ಕರಗುತ್ತ ಹೋಗುತ್ತದೆ. ಭಾರತೀಯ ಸ್ತ್ರೀಯರಲ್ಲಿ ಮುಟ್ಟು ನಿಲ್ಲುವುದು ಸರಾಸರಿ ೪೬–೪೭ನೆಯ ವಯಸ್ಸಿನ ಹೊತ್ತಿಗೆ. ಆ ಕಾಲದಲ್ಲಿ ಅಂಡಾಶಯಗಳು ಈಸ್ಟ್ರೊಜೆನ್ನನ್ನು ಸ್ರವಿಸುವುದು ಬಹುಮಟ್ಟಿಗೆ ನಿಂತುಹೋಗುತ್ತದೆ. ಹಾಗಾದರೆ ಯೌವನದಲ್ಲಿ ಮೆದುಳನ್ನು ಕಾಯುತ್ತಿದ್ದುದು ಈ ಹಾರ್ಮೋನೇ ಇರಬಹುದಲ್ಲವೇ?

ಹಾರ್ಮೋನುಗಳು ನಿರ್ನಾಳ ಗ್ರಂಥಿಗಳಿಂದ ಹೊರಟು ರಕ್ತದ ಮೂಲಕ ದೇಹದಲ್ಲೆಲ್ಲ ಸಂಚರಿಸುವ ದೂತರು. ೧೯೨೯ರಲ್ಲಿ ಅಮೆರಿಕದ ಎಡ್ವರ್ಡ್ ಡಾಯ್ಸಿ ಮತ್ತು ಜರ್ಮನಿಯ ಅಡಾಲ್ಫ್ ಬುಟೆನಾಂಟ್ ಇವರಿಬ್ಬರೂ ಸ್ವತಂತ್ರವಾಗಿ ಈಸ್ಟ್ರೊಜೆನ್ನುಗಳಲ್ಲೊಂದನ್ನು ಶುದ್ಧರೂಪದಲ್ಲಿ ಬೇರ್ಪಡಿಸಿದರು. ಇದು ಸ್ತ್ರೀಯರ ಹಾರ್ಮೋನೆಂದು ಪ್ರಸಿದ್ಧವಾದರೂ ಪುರುಷರ ದೇಹದಲ್ಲಿಯೂ ಅಲ್ಪಪ್ರಮಾಣದಲ್ಲಿ ಇರುತ್ತದೆ. ಇನ್ನೂ ಸೋಜಿಗವೆಂದರೆ, ಮೆದುಳು ತಾನೇ ಇದನ್ನು ತಯಾರಿಸಿಕೊಳ್ಳಬಲ್ಲದು. ಹಕ್ಕಿಗಳ ಮತ್ತು ಇಲಿಗಳ ಮೆದುಳಿಗೆ ಗಾಯವಾದಾಗ, ಈಸ್ಟ್ರೊಜೆನ್ನನ್ನು ತಯಾರಿಸುವ ಕಿಣ್ವವು ಗಾಯದ ಸುತ್ತಲಿನ ಪೋಷಕ ಕೋಶಗಳಲ್ಲಿ ಹೆಚ್ಚುತ್ತದೆಯೆಂದು ಸಂಶೋಧಕರು ಕಂಡಿದ್ದಾರೆ. ಬೆಂಕಿ ಬಿದ್ದ ಮನೆಯವರು ತಾವೇ ಬಾವಿಯಿಂದ ನೀರು ಸೇದಲು ಓಡುವಂತಿದೆ ಇದು.

೧೯೯೭ರಲ್ಲಿ ಅಮೆರಿಕದ ಜೇಮ್ಸ್ ಸಿಂಪ್ಕಿನ್ಸ್ ಮತ್ತು ಅವರ ಸಹೋದ್ಯೋಗಿಗಳು ಒಂದು ಪ್ರಯೋಗದ ಫಲವನ್ನು ಪ್ರಕಟಿಸಿದರು. ಅಂಡಾಶಯಗಳನ್ನು ತೆಗೆದುಹಾಕಿದ ಹೆಣ್ಣಿಲಿಗಳಲ್ಲಿ ಮೆದುಳಿನ ಮುಖ್ಯ ಅಪಧಮನಿಯೊಂದನ್ನು ಮುಚ್ಚಿದಾಗ, ಈಸ್ಟ್ರೊಜೆನ್ ಪಡೆದ ಇಲಿಗಳಲ್ಲಿ ಸಾವೂ ಮೆದುಳಿನ ಹಾನಿಯೂ ಕಡಿಮೆಯಾಗಿದ್ದವು. ಮರುವರ್ಷ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಸಂಶೋಧಕರು ಹೆಣ್ಣಿಲಿಗಳಲ್ಲಿ ಹಾನಿ ಗಂಡಿಲಿಗಳಿಗಿಂತ ಕಡಿಮೆಯೆಂದೂ, ಅಂಡಾಶಯಗಳನ್ನು ತೆಗೆದರೆ ಈ ವ್ಯತ್ಯಾಸ ಅಳಿಸಿಹೋಗುವುದೆಂದೂ ತೋರಿಸಿದರು. ೨೦೦೦ದಲ್ಲಿ ಸಿಂಪ್ಕಿನ್ಸರ ತಂಡವು ಇನ್ನೊಂದು ಹೆಜ್ಜೆ ಮುಂದಿಟ್ಟಿತು. ಅಪಧಮನಿ ಮುಚ್ಚಿದ ನಂತರ ಮೂರು ಗಂಟೆಗಳೊಳಗೆ ಕೊಟ್ಟರೂ ಹಾರ್ಮೋನು ಇಲಿಗಳ ಮೆದುಳನ್ನು ಕಾಯಿತು. ಅದಕ್ಕೂ ತಡವಾದರೆ ಕಾಯಲಿಲ್ಲ.

ಈ ರಕ್ಷಣೆಯ ಬಗೆಯೂ ಸ್ವಲ್ಪಸ್ವಲ್ಪವಾಗಿ ತಿಳಿದುಬಂದಿತು. ಬೀಗಕ್ಕೆ ಕೀಲಿಕೈ ಹೊಂದುವಂತೆ ಈಸ್ಟ್ರೊಜೆನ್ ಕೋಶಗಳಲ್ಲಿರುವ ಗ್ರಾಹಕಗಳೊಡನೆ ಕೂಡಿಕೊಳ್ಳುತ್ತದೆ. ಇಂತಹ ಗ್ರಾಹಕಗಳಲ್ಲಿ ಆಲ್ಫಾ, ಬೀಟಾ ಎಂಬ ಎರಡು ಮುಖ್ಯ ಬಗೆಗಳಿವೆ. ಅಮೆರಿಕದ ವಿಜ್ಞಾನಿ ಫಿಲಿಸ್ ವೈಸ್ ಮತ್ತು ಅವರ ಸಂಗಡಿಗರು, ಆಲ್ಫಾ ಗ್ರಾಹಕವಿಲ್ಲದ ಇಲಿಗಳಿಗೆ ಹಾರ್ಮೋನು ರಕ್ಷಣೆ ನೀಡಲಾರದೆಂದು ೨೦೦೧ರಲ್ಲಿ ಸಿದ್ಧಪಡಿಸಿದರು. ಗ್ರಾಹಕವನ್ನು ಕೂಡಿಕೊಂಡ ಹಾರ್ಮೋನು ಕೋಶದ ಆತ್ಮನಾಶವನ್ನು ತಡೆಯುವ ಪ್ರೋಟೀನುಗಳನ್ನು ಹೆಚ್ಚಿಸುತ್ತದೆ, ಉರಿಯೂತವನ್ನು ತಗ್ಗಿಸುತ್ತದೆ, ರಕ್ತನಾಳಗಳು ಹಿಗ್ಗಲು ನೆರವಾಗುತ್ತದೆ.

ಇಷ್ಟೆಲ್ಲ ತಿಳಿದ ಮೇಲೆ ಮನುಷ್ಯರಿಗೂ ಈ ಔಷಧವನ್ನು ಕೊಟ್ಟರೆ ಸಾಕಲ್ಲವೇ ಎನಿಸುವುದು ಸಹಜ. ಆದರೆ ವಿಜ್ಞಾನವು ಎನಿಸಿಕೆಯನ್ನು ಒಪ್ಪುವುದಿಲ್ಲ, ಪರೀಕ್ಷೆಯನ್ನು ಕೇಳುತ್ತದೆ. ಅಮೆರಿಕದಲ್ಲಿ ಪಾರ್ಶ್ವವಾಯುವಿಗೆ ಅಥವಾ ಅದರ ಮುನ್ಸೂಚನೆಯಾದ ಕ್ಷಣಿಕ ಆಘಾತಕ್ಕೆ ತುತ್ತಾಗಿದ್ದ ೬೬೪ ಸ್ತ್ರೀಯರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಈಸ್ಟ್ರೊಜೆನ್ ಮಾತ್ರೆಯನ್ನೂ ಇನ್ನೊಂದಕ್ಕೆ ಔಷಧವಿಲ್ಲದ ಹುಸಿಮಾತ್ರೆಯನ್ನೂ ಕೊಡಲಾಯಿತು. ಅವರ ಸರಾಸರಿ ವಯಸ್ಸು ೭೧. ೨೦೦೧ರಲ್ಲಿ ಫಲ ಪ್ರಕಟವಾಯಿತು. ಹಾರ್ಮೋನು ಮತ್ತೊಂದು ಆಘಾತವನ್ನು ತಡೆಯಲಿಲ್ಲ. ಅಷ್ಟೇ ಅಲ್ಲ, ಪಾರ್ಶ್ವವಾಯುವಿನಿಂದ ಸತ್ತವರು ಹಾರ್ಮೋನು ಪಡೆದ ಗುಂಪಿನಲ್ಲಿಯೇ ಹೆಚ್ಚಾಗಿದ್ದರು.

ಇದಕ್ಕಿಂತಲೂ ದೊಡ್ಡ ಪರೀಕ್ಷೆಯೊಂದು ಅದೇ ದೇಶದಲ್ಲಿ ನಡೆಯುತ್ತಿತ್ತು. ೫೦ರಿಂದ ೭೯ ವರ್ಷದೊಳಗಿನ ೧೬,೬೦೮ ಸ್ತ್ರೀಯರು ಅದರಲ್ಲಿ ಪಾಲ್ಗೊಂಡಿದ್ದರು. ಈಸ್ಟ್ರೊಜೆನ್ನಿನೊಡನೆ ಪ್ರೊಜೆಸ್ಟಿನ್ ಎಂಬ ಇನ್ನೊಂದು ಹಾರ್ಮೋನನ್ನೂ ಅವರಲ್ಲಿ ಅರ್ಧದಷ್ಟು ಮಂದಿಗೆ ಕೊಡಲಾಗಿತ್ತು. ಹಾನಿ ಹೆಚ್ಚೆಂದು ಕಂಡುಬಂದುದರಿಂದ ೨೦೦೨ರಲ್ಲಿ ಅದನ್ನು ಅವಧಿಗೆ ಮುನ್ನವೇ ನಿಲ್ಲಿಸಿದರು. ಈಸ್ಟ್ರೊಜೆನ್ನನ್ನು ಮಾತ್ರ ಕೊಡುತ್ತಿದ್ದ, ೧೦,೭೩೯ ಸ್ತ್ರೀಯರ ಪರೀಕ್ಷೆಯನ್ನೂ ೨೦೦೪ರಲ್ಲಿ ನಿಲ್ಲಿಸಬೇಕಾಯಿತು. ಎರಡರಲ್ಲಿಯೂ ಪಾರ್ಶ್ವವಾಯು ಕಡಿಮೆಯಾಗುವುದಕ್ಕೆ ಬದಲಾಗಿ ಹೆಚ್ಚಾಗಿತ್ತು.

ಇಲಿಗಳಲ್ಲಿ ಅಮೃತವಾದುದು ಮನುಷ್ಯರಲ್ಲಿ ವಿಷವಾದುದೇಕೆ? ವಿಜ್ಞಾನಿಗಳು ಹಿಂದಿರುಗಿ ತಮ್ಮ ಪ್ರಯೋಗಗಳನ್ನೇ ಪರಿಶೀಲಿಸಿದರು. ಇಲಿಗಳಲ್ಲಿ ಬಹುಪಾಲು ಎಳೆಯ ಪ್ರಾಯದವು. ಅಂಡಾಶಯಗಳನ್ನು ತೆಗೆದ ಕೂಡಲೇ ಅವುಗಳಿಗೆ ಹಾರ್ಮೋನು ದೊರೆತಿತ್ತು. ಪರೀಕ್ಷೆಗೆ ಬಂದ ಸ್ತ್ರೀಯರಲ್ಲಾದರೋ ಅನೇಕರಿಗೆ ಮುಟ್ಟು ನಿಂತು ಹತ್ತಾರು ವರ್ಷಗಳೇ ಕಳೆದಿದ್ದವು. ೨೦೦೭ರಲ್ಲಿ ವೈಸ್ ಅವರ ತಂಡವು ಈ ಊಹೆಯನ್ನು ಪರೀಕ್ಷೆಗೊಡ್ಡಿತು. ಅಂಡಾಶಯಗಳನ್ನು ತೆಗೆದ ಕೂಡಲೇ ಹಾರ್ಮೋನು ಪಡೆದ ಇಲಿಗಳಲ್ಲಿ ಮೆದುಳಿಗೆ ರಕ್ಷಣೆ ದೊರೆಯಿತು. ಹತ್ತು ವಾರ ತಡವಾಗಿ ಪಡೆದವುಗಳಲ್ಲಿ ದೊರೆಯಲಿಲ್ಲ. ವಯಸ್ಸಾದ ಹೆಣ್ಣಿಲಿಗಳಲ್ಲಿ ಹಾರ್ಮೋನು ಹಾನಿಯನ್ನು ಹೆಚ್ಚಿಸಿತೆಂದು ಟೆಕ್ಸಾಸಿನ ಸಂಶೋಧಕರು ವರದಿಮಾಡಿದರು. ಅವಧಿ ಮೀರಿದ ವಿಮೆಗೆ ಕಂತು ಕಟ್ಟಿದಂತಾಯಿತು!

ಈಸ್ಟ್ರೊಜೆನ್ನಿಗೆ ಇನ್ನೊಂದು ಮುಖವೂ ಉಂಟು. ಅದು ರಕ್ತ ಹೆಪ್ಪುಗಟ್ಟುವ ಗುಣವನ್ನು ಹೆಚ್ಚಿಸುತ್ತದೆ. ಈಸ್ಟ್ರೊಜೆನ್ ಇರುವ ಗರ್ಭನಿರೋಧಕ ಮಾತ್ರೆಗಳಿಂದ, ಅದರಲ್ಲಿಯೂ ಧೂಮಪಾನ ಮಾಡುವ ಸ್ತ್ರೀಯರಲ್ಲಿ, ಪಾರ್ಶ್ವವಾಯುವಿನ ಸಂಭವ ಅಧಿಕವಾಗುತ್ತದೆ. ಗರ್ಭಿಣಿಯರ ದೇಹದಲ್ಲಿ ಈ ಹಾರ್ಮೋನು ಬಹಳ ಹೆಚ್ಚಾಗಿರುತ್ತದೆ. ಹೆರಿಗೆಯ ಕಾಲದ ರಕ್ತಸ್ರಾವವನ್ನು ತಡೆಯಲೋ ಎಂಬಂತೆ ರಕ್ತವೂ ಬೇಗನೆ ಹೆಪ್ಪುಗಟ್ಟುವ ಸ್ಥಿತಿಯಲ್ಲಿರುತ್ತದೆ. ಹೆರಿಗೆಯಾದ ಮೇಲೂ ಕೆಲವು ವಾರ ಈ ಸ್ಥಿತಿ ಮುಂದುವರಿಯುತ್ತದೆ. ಆಗ ಕೆಲವು ಬಾಣಂತಿಯರಲ್ಲಿ ಮೆದುಳಿನಿಂದ ರಕ್ತವನ್ನು ಮರಳಿ ಒಯ್ಯುವ ಅಭಿಧಮನಿಗಳಲ್ಲಿಯೇ ಹೆಪ್ಪು ಕಟ್ಟಿಕೊಳ್ಳುವುದುಂಟು. ತೀವ್ರವಾದ ತಲೆನೋವು, ಸೆಳವು, ಕೈಕಾಲುಗಳ ನಿಶ್ಶಕ್ತಿ ಇದರ ಲಕ್ಷಣಗಳು.

ಭಾರತದಲ್ಲಿ ಈ ರೋಗವನ್ನು ಬಹುಕಾಲದಿಂದ ಅಭ್ಯಸಿಸಿದ ಸಂಸ್ಥೆಗಳಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಪ್ರಮುಖವಾದುದು. ಬೆಂಗಳೂರಿನ ಹಳೆಯ ಮಾನಸಿಕ ಆಸ್ಪತ್ರೆಯೂ, ೧೯೫೪ರಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ ೧೯೭೪ರ ಡಿಸೆಂಬರ್ ೨೭ರಂದು ಒಂದುಗೂಡಿ ಈ ಸಂಸ್ಥೆಯಾಯಿತು. ಇಲ್ಲಿಯ ವೈದ್ಯ ಡಿ. ನಾಗರಾಜ ಮತ್ತು ಅವರ ಸಹೋದ್ಯೋಗಿಗಳು, ಹೆಪ್ಪು ಬೆಳೆಯದಂತೆ ತಡೆಯುವ ಹೆಪಾರಿನ್ ಎಂಬ ಔಷಧವನ್ನು ಇಂತಹ ಬಾಣಂತಿಯರಿಗೆ ಕೊಟ್ಟು ನೋಡಿದ ಪ್ರಯೋಗದ ಫಲವನ್ನು ೧೯೯೫ರಲ್ಲಿ ಪ್ರಕಟಿಸಿದರು. ಬಾಣಂತಿಗೆ ನೀರು ಕೊಟ್ಟರೆ ಶೀತವಾಗುವುದೆಂದೂ ಹೊಟ್ಟೆ ಬರುವುದೆಂದೂ ನಂಬಿ, ಬಾಯಾರಿದರೂ ಗುಟುಕು ನೀರಷ್ಟೇ ಕೊಡುವ ವಾಡಿಕೆ ಕೆಲವು ಮನೆಗಳಲ್ಲಿ ಈಗಲೂ ಇದೆ. ದೇಹದಲ್ಲಿ ನೀರು ಬತ್ತಿದರೆ ರಕ್ತ ಮಂದವಾಗಿ ಹೆಪ್ಪುಗಟ್ಟಲು ಇನ್ನಷ್ಟು ಅನುಕೂಲವಾಗುತ್ತದೆ. ಪ್ರೀತಿಯಿಂದ ಮಾಡಿದ ಪಥ್ಯವೂ ತಿಳಿವಳಿಕೆಯಿಲ್ಲದಿದ್ದರೆ ಅಪಾಯವನ್ನು ತರಬಲ್ಲದು.

ಆದುದರಿಂದ ಪಾರ್ಶ್ವವಾಯುವಿನಿಂದ ಮೆದುಳನ್ನು ಕಾಯಲೆಂದು ಈಸ್ಟ್ರೊಜೆನ್ ಕೊಡುವುದು ಇಂದಿಗೂ ಅಂಗೀಕೃತವಾದ ಚಿಕಿತ್ಸೆಯಲ್ಲ. ಹಾಗೆಂದು ಆ ಪರಿಶ್ರಮವೆಲ್ಲ ವ್ಯರ್ಥವಾಯಿತೆನ್ನಲಾಗದು. ಪಾರ್ಶ್ವವಾಯುವಿಗಾಗಿ ಪ್ರಯೋಗಶಾಲೆಗಳಲ್ಲಿ ಪರೀಕ್ಷಿಸಿದ ಚಿಕಿತ್ಸೆಗಳನ್ನು ೨೦೦೬ರಲ್ಲಿ ಎಣಿಸಿದಾಗ ೧,೦೨೬ ಆದುವು. ಅವುಗಳಲ್ಲಿ ರೋಗಿಯ ಹಾಸಿಗೆಯವರೆಗೆ ಬಂದು ಗೆದ್ದುವು ತೀರ ವಿರಳ. ಒಂದೊಂದು ಸೋಲೂ ಒಂದೊಂದು ಪಾಠವನ್ನು ಕಲಿಸಿದೆ. ಹೆಪ್ಪುಗಟ್ಟಿಸುವ ದೋಷವಿಲ್ಲದೆ ಮೆದುಳನ್ನು ಮಾತ್ರ ಕಾಯುವಂತಹ, ಈಸ್ಟ್ರೊಜೆನ್ನಿನ ಸಂಬಂಧಿಗಳಾದ ವಸ್ತುಗಳನ್ನು ಸಂಶೋಧಕರು ಹುಡುಕುತ್ತಿದ್ದಾರೆ. ಗಂಡುಹೆಣ್ಣುಗಳೆರಡರಲ್ಲಿಯೂ, ಎಳೆಯ ಹಾಗೂ ಮುದಿ ಪ್ರಾಣಿಗಳೆರಡರಲ್ಲಿಯೂ ಔಷಧವನ್ನು ಪರೀಕ್ಷಿಸಬೇಕೆಂಬ ವಿವೇಕವೂ ಇದರಿಂದ ಬಲಗೊಂಡಿತು.

ಹೊಸ ಔಷಧ ಬರುವವರೆಗೆ ಜನಸಾಮಾನ್ಯರ ಕೈಯಲ್ಲಿ ಏನೂ ಇಲ್ಲವೇ? ಖಂಡಿತವಾಗಿಯೂ ಇದೆ. ಜೀವನ್ ಬಿಮಾ ನಗರದ ಒಂದು ಮನೆಯಲ್ಲಿ ಮುಂಜಾನೆ ಕಾಫಿ ಕುಡಿಯುತ್ತಿರುವ ಅಜ್ಜಿಯ ಬಾಯಿ ಒಂದು ಕಡೆಗೆ ಸೊಟ್ಟಗಾಯಿತೆಂದು ಭಾವಿಸಬಹುದು. ಲೋಟ ಕೈಜಾರಿತು; ಮಾತು ತೊದಲಿತು. “ರಾತ್ರಿ ನಿದ್ದೆಯಿಲ್ಲ, ಸ್ವಲ್ಪ ಮಲಗಲಿ” ಎಂದು ಒಬ್ಬರು ಹೇಳುತ್ತಾರೆ. “ಎಣ್ಣೆ ತಿಕ್ಕಿದರೆ ಸರಿಹೋಗುತ್ತದೆ” ಎಂದು ಇನ್ನೊಬ್ಬರು ಹೇಳುತ್ತಾರೆ. ಪಾರಿವಾಳದ ರಕ್ತ ಸವರುವವರ ವಿಳಾಸವನ್ನು ನೆರೆಯವರು ತಿಳಿಸುತ್ತಾರೆ. ಹೀಗೆ ಅರ್ಧ ಗಂಟೆ ಕಳೆಯುವಷ್ಟರಲ್ಲಿ ಐದು ಕೋಟಿಗೂ ಹೆಚ್ಚು ನರಕೋಶಗಳು ಅಳಿದಿರಬಹುದು. ಒಂಬತ್ತನೆಯ ತರಗತಿಯಲ್ಲಿ ಓದುವ ಮೊಮ್ಮಗಳು, “ಅಜ್ಜಿ, ಒಂದು ಸಲ ನಗಿ, ಎರಡೂ ಕೈ ಮೇಲಕ್ಕೆತ್ತಿ, ನನ್ನ ಹೆಸರು ಹೇಳಿ” ಎಂದು ಕೇಳಿದರೆ, ಅರ್ಧ ನಿಮಿಷದಲ್ಲಿ ಸಂಶಯ ಪರಿಹಾರವಾಗುತ್ತದೆ. ಮುಖ ವಾಲಿದ್ದರೆ, ಒಂದು ಕೈ ಕೆಳಗಿಳಿದರೆ, ಮಾತು ಅಸ್ಪಷ್ಟವಾದರೆ, ಈ ಮೂರರಲ್ಲಿ ಒಂದು ಕಂಡರೂ ಸಾಕು. ಗಡಿಯಾರ ನೋಡಿ ಲಕ್ಷಣ ತೋರಿದ ವೇಳೆಯನ್ನು ಬರೆದುಕೊಂಡು ೧೦೮ಕ್ಕೆ ಕರೆಮಾಡಬೇಕು. ಕರ್ನಾಟಕದಲ್ಲಿ ಈ ತುರ್ತುವಾಹನ ಸೇವೆ ೨೦೦೮ರ ನವೆಂಬರ್ ೧ರಂದು ಆರಂಭವಾಯಿತು.

ಆ ವೇಳೆಯನ್ನು ಬರೆದಿಡುವುದು ಅಲ್ಪ ಕೆಲಸವಲ್ಲ. ನಾಲ್ಕೂವರೆ ಗಂಟೆಯ ಅವಧಿಯಲ್ಲಿ ಎಷ್ಟು ಉಳಿದಿದೆಯೆಂದು ವೈದ್ಯರು ನಿರ್ಣಯಿಸುವುದು ಅದರಿಂದಲೇ. ರೋಗಿಗೆ ನೀರು, ಆಹಾರ, ಮಾತ್ರೆ ಏನನ್ನೂ ನುಂಗಲು ಕೊಡಕೂಡದು. ನುಂಗುವ ಶಕ್ತಿ ಕುಂದಿದ್ದರೆ ಅದು ಶ್ವಾಸನಾಳಕ್ಕೆ ಇಳಿಯಬಹುದು. ಮೆದುಳಿನ ಚಿತ್ರ ತೆಗೆಯುವ ಸಿ.ಟಿ. ಯಂತ್ರವಿರುವ ಆಸ್ಪತ್ರೆಗೇ ನೇರವಾಗಿ ಒಯ್ಯಬೇಕು. ಹೆಪ್ಪು ಕಟ್ಟಿದೆಯೋ ರಕ್ತ ಸೋರಿದೆಯೋ ಎಂಬುದನ್ನು ಹೊರಗಿನಿಂದ ನೋಡಿ ನಿಶ್ಚಯಿಸುವುದು ಯಾರಿಂದಲೂ ಆಗದು. ಒಂದಕ್ಕೆ ಮದ್ದಾದುದು ಇನ್ನೊಂದಕ್ಕೆ ಮೃತ್ಯುವಾಗಬಲ್ಲದು.

ಪಾರ್ಶ್ವವಾಯು ಬಾರದಂತೆ ನೋಡಿಕೊಳ್ಳುವುದು ಎಲ್ಲಕ್ಕಿಂತ ಮೇಲು. ಅಧಿಕ ರಕ್ತದೊತ್ತಡವೇ ಈ ರೋಗದ ಪ್ರಧಾನ ಕಾರಣ. ಮಧುಮೇಹ, ಹೊಗೆಸೊಪ್ಪು, ಮಿತಿಮೀರಿದ ಉಪ್ಪು, ವ್ಯಾಯಾಮವಿಲ್ಲದ ಜೀವನ ಇವೂ ಅದಕ್ಕೆ ನೆರವಾಗುತ್ತವೆ. ಕರ್ನಾಟಕ ಸರ್ಕಾರವೂ ನಿಮ್ಹಾನ್ಸ್ ಸಂಸ್ಥೆಯೂ ಜೊತೆಗೂಡಿ ೨೦೨೨ರಲ್ಲಿ ಮೆದುಳಿನ ಆರೋಗ್ಯದ ಕಾರ್ಯಕ್ರಮವೊಂದನ್ನು ಆರಂಭಿಸಿದವು. ಕೋಲಾರ, ಚಿಕ್ಕಬಳ್ಳಾಪುರ ಮೊದಲಾದೆಡೆ ಇದನ್ನು ಮೊದಲಿಗೆ ಕೈಗೊಂಡರು. ಪಾರ್ಶ್ವವಾಯುವಿನಂತಹ ರೋಗಗಳನ್ನು ಜನರಿಗೆ ಹತ್ತಿರದಲ್ಲಿಯೇ ಬೇಗ ಗುರುತಿಸುವಂತಾಗಬೇಕೆಂಬುದು ಅದರ ಉದ್ದೇಶ.

ಇಲಿಯ ಮೆದುಳನ್ನು ಕಾಯ್ದ ಹಾರ್ಮೋನಾಗಲಿ, ಹೆಪ್ಪನ್ನು ಕರಗಿಸುವ ಔಷಧವಾಗಲಿ, ಮನೆಯವರ ಎಚ್ಚರವಾಗಲಿ, ಎಲ್ಲವೂ ಒಂದೇ ಸತ್ಯವನ್ನು ಸಾರುತ್ತವೆ. ಮದ್ದಿನ ಗುಣ ಮದ್ದಿನಲ್ಲಿ ಮಾತ್ರವಿಲ್ಲ. ಅದು ಸಲ್ಲುವ ಹೊತ್ತಿನಲ್ಲಿಯೂ ಇದೆ. ವಿಜ್ಞಾನಿಯು ತನ್ನ ಪ್ರಯೋಗಶಾಲೆಯಲ್ಲಿ ಆ ಹೊತ್ತನ್ನು ಅರಸುತ್ತಿದ್ದಾನೆ. ಮನೆಯ ಹಿರಿಯರು ಎದುರಿನಲ್ಲಿಯೇ ತೊದಲಿದಾಗ ಅದನ್ನು ಅರಿತು ಎದ್ದು ನಿಲ್ಲಲು ಪ್ರಯೋಗಶಾಲೆ ಬೇಕಿಲ್ಲ. ತಿಳಿದ ಕಣ್ಣು ಸಾಕು.

ಅಭ್ಯಾಸ

೧. ಮೆದುಳಿಗೆ ರಕ್ತವು ಎಡೆಬಿಡದೆ ಹರಿಯಬೇಕಾದುದೇಕೆ?
೨. ಮೆದುಳಿನ ‘ಅರೆನೆರಳಿನ’ ಪ್ರದೇಶವನ್ನು ಗದ್ದೆಬಯಲಿನ ಹೋಲಿಕೆಯಿಂದ ವಿವರಿಸಿರಿ.
೩. ಇಲಿಗಳಲ್ಲಿ ಸಫಲವಾದ ಈಸ್ಟ್ರೊಜೆನ್ ಸ್ತ್ರೀಯರಲ್ಲಿ ವಿಫಲವಾದುದಕ್ಕೆ ವಿಜ್ಞಾನಿಗಳು ಕಂಡುಕೊಂಡ ಕಾರಣವೇನು?
೪. ಬಾಣಂತಿಯರಿಗೆ ನೀರು ಕೊಡದಿರುವುದು ಏಕೆ ಅಪಾಯಕರ?
೫. ‘ಮದ್ದಿನ ಗುಣ ಅದು ಸಲ್ಲುವ ಹೊತ್ತಿನಲ್ಲಿಯೂ ಇದೆ’ ಎಂಬ ಮಾತನ್ನು ಪಾಠದ ಆಧಾರದಿಂದ ಸಮರ್ಥಿಸಿರಿ.